ಕಡಲಡಿಯ ನೆಲ ಸರಿಯುತ್ತಿದೆ: ದೇವರ ಕೋಪವೇ, ನಮ್ಮ ಮರೆವೇ?

2025ರ ಜುಲೈ 30ರಂದು ರಷ್ಯಾದ ಪೂರ್ವ ತುದಿಯಲ್ಲಿರುವ ಕಮ್ಚಾಟ್ಕಾ ಪರ್ಯಾಯದ್ವೀಪದ ಬಳಿ, ಪೆಸಿಫಿಕ್ ಸಾಗರದ ತಳದಲ್ಲಿ ಭಾರೀ ಭೂಕಂಪ ಸಂಭವಿಸಿತು. ಪ್ರಮಾಣ 8.8. ಉಪಕರಣಗಳಿಂದ ಭೂಕಂಪವನ್ನು ಅಳೆಯಲು ಆರಂಭಿಸಿದ ಮೇಲೆ ದಾಖಲಾಗಿರುವ ಅತಿ ದೊಡ್ಡ ಕಂಪನಗಳಲ್ಲಿ ಇದೂ ಒಂದು. ಜಪಾನಿನಲ್ಲಿ ಸುಮಾರು 20 ಲಕ್ಷ ಜನರಿಗೆ ಎತ್ತರದ ಜಾಗಗಳಿಗೆ ಹೋಗುವಂತೆ ಸೂಚನೆ ನೀಡಲಾಯಿತು. ಹವಾಯಿ ದ್ವೀಪಗಳಲ್ಲಿ ಸೈರನ್‌ಗಳು ಕೂಗಿದವು. ಕುರಿಲ್ ದ್ವೀಪಸಾಲಿನ ಸೆವೆರೋ ಕುರಿಲ್ಸ್ಕ್ ಎಂಬ ಪುಟ್ಟ ಪಟ್ಟಣದ ಬಂದರಿಗೆ ಅಲೆ ನುಗ್ಗಿತು, ಅಲ್ಲಿದ್ದ ಮೀನು ಸಂಸ್ಕರಣಾ ಘಟಕ ಜಲಾವೃತವಾಯಿತು. ಆದರೆ ಜನ ಅಷ್ಟರಲ್ಲಿ ಗುಡ್ಡ ಹತ್ತಿಯಾಗಿತ್ತು. ಆ ಊರಿನಲ್ಲಿ ಅಲೆಗೆ ಸಿಕ್ಕಿ ಯಾರೂ ಸಾಯಲಿಲ್ಲ.

ಇದೇ ಪಟ್ಟಣದ ಇನ್ನೊಂದು ದಿನವನ್ನು ನೆನಪಿಸಿಕೊಳ್ಳೋಣ. 1952ರ ನವೆಂಬರ್ 5. ಅದೇ ಕಡಲು, ಅದೇ ಬಿರುಕು, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಭೂಕಂಪ, ಪ್ರಮಾಣ 9. ಅಂದು ಮೊದಲ ಅಲೆ ಬಂದಾಗ ಅನೇಕರು ಓಡಿ ಗುಡ್ಡ ಸೇರಿದ್ದರು. ನೀರು ಇಳಿಯಿತೆಂದು ಮನೆಗಳತ್ತ ಮರಳಿದರು. ಎರಡನೆಯ ಅಲೆ ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಪಟ್ಟಣವೇ ಕೊಚ್ಚಿಹೋಯಿತು. ಸತ್ತವರ ಸಂಖ್ಯೆ 2,336 ಎಂದು ದಾಖಲೆಗಳು ಹೇಳುತ್ತವೆ. ಅಂದಿನ ಸೋವಿಯತ್ ಸರ್ಕಾರ ಈ ದುರಂತವನ್ನು ಹತ್ತಾರು ವರ್ಷ ಮುಚ್ಚಿಟ್ಟಿತು. ಆದರೂ ಬದುಕುಳಿದವರು ಪಾಠ ಕಲಿತರು. ಊರನ್ನು ಮತ್ತೆ ಎತ್ತರದ ಜಾಗದಲ್ಲಿ ಕಟ್ಟಿದರು.

ಎರಡು ಭೂಕಂಪಗಳ ನಡುವೆ 73 ವರ್ಷ. ಈ ಅವಧಿಯಲ್ಲಿ ಭೂಮಿ ಬದಲಾಗಲಿಲ್ಲ, ಅದರ ನಿಯಮವೂ ಬದಲಾಗಲಿಲ್ಲ. ಬದಲಾದದ್ದು ಮನುಷ್ಯನ ತಿಳಿವಳಿಕೆ ಮತ್ತು ಸಿದ್ಧತೆ ಮಾತ್ರ. ಕಡಲ ದಡದಲ್ಲಿ ಬದುಕುವ ನಾವು ಈ ಮಾತನ್ನು ಸ್ವಲ್ಪ ವಿಚಾರ ಮಾಡಬೇಕಾಗಿದೆ.

ದೊಡ್ಡದು ಕೊಲ್ಲಲಿಲ್ಲ, ಸಣ್ಣದು ಕೊಂದಿತು

ಕಮ್ಚಾಟ್ಕಾದ ಘಟನೆಗೆ ನಾಲ್ಕು ತಿಂಗಳು ಮೊದಲು, 2025ರ ಮಾರ್ಚ್ 28ರಂದು, ಮ್ಯಾನ್ಮಾರ್ ದೇಶದ ಮಂಡಲೆ ನಗರದ ಬಳಿ 7.7 ಪ್ರಮಾಣದ ಭೂಕಂಪವಾಯಿತು. 7.7ಕ್ಕೂ 8.8ಕ್ಕೂ ಇರುವ ವ್ಯತ್ಯಾಸ ಅಂಕಿಯಲ್ಲಿ ಬರೀ 1.1. ಆದರೆ ಈ ಮಾಪನದಲ್ಲಿ ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ಕಮ್ಚಾಟ್ಕಾದ ಭೂಕಂಪ ಮ್ಯಾನ್ಮಾರಿನದಕ್ಕಿಂತ 40 ಪಟ್ಟಿಗೂ ಹೆಚ್ಚು ಶಕ್ತಿಯುತ. ಸಾವಿನ ಲೆಕ್ಕ ಮಾತ್ರ ತಿರುವುಮುರುವು. ಮ್ಯಾನ್ಮಾರಿನಲ್ಲಿ 3,600ಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಹೆಚ್ಚಿನವರು ಸತ್ತದ್ದು ತಮ್ಮದೇ ಮನೆ, ವಿಹಾರ, ಮಸೀದಿ, ಶಾಲೆಗಳ ಗೋಡೆಗಳ ಅಡಿಯಲ್ಲಿ.

ಕಮ್ಚಾಟ್ಕಾದಲ್ಲಿ ಜನವಸತಿ ವಿರಳ, ಮಂಡಲೆ ಜನನಿಬಿಡ ನಗರ ಎಂಬುದು ನಿಜ. ಅಂತರ್ಯುದ್ಧದಿಂದ ಬಡವಾದ ದೇಶವೆಂಬುದೂ ನಿಜ. ಆದರೆ ಇದೇ ನಮ್ಮ ವಾದ. ಎಷ್ಟು ಜನ ಸಾಯುತ್ತಾರೆ ಎಂಬುದನ್ನು ಭೂಕಂಪವೊಂದೇ ನಿರ್ಧರಿಸುವುದಿಲ್ಲ. ಬಡತನ, ಕಟ್ಟಡದ ಗುಣಮಟ್ಟ, ಎಚ್ಚರಿಕೆ ತಲುಪಿಸುವ ವ್ಯವಸ್ಥೆ, ಜನರ ನೆನಪು ಇವೆಲ್ಲ ಸೇರಿ ನಿರ್ಧರಿಸುತ್ತವೆ.

ಕಡಲ ತಳದಲ್ಲಿ ನಡೆಯುವುದೇನು?

ನಮ್ಮ ಅಜ್ಜ ಅಜ್ಜಿಯರು ಶಾಲೆಗೆ ಹೋಗುವಾಗ ಈ ವಿಷಯ ಪಾಠದಲ್ಲಿ ಇರಲಿಲ್ಲ. ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಖಂಡಗಳು ಸರಿಯುತ್ತವೆ ಎಂದಾಗ ಬಹುತೇಕ ವಿದ್ವಾಂಸರು ನಂಬಲಿಲ್ಲ. ಪುರಾವೆ ಸಿಕ್ಕಿದ್ದು ನೆಲದ ಮೇಲಲ್ಲ, ಕಡಲ ತಳದಲ್ಲಿ. 1950ರ ದಶಕದಲ್ಲಿ ಅಮೆರಿಕದ ಮೇರಿ ಥಾರ್ಪ್ ಎಂಬ ಮಹಿಳೆ, ಹಡಗುಗಳು ತಂದ ಆಳದ ಅಳತೆಗಳನ್ನು ಕಾಗದದ ಮೇಲೆ ಜೋಡಿಸಿ ಅಟ್ಲಾಂಟಿಕ್ ಸಾಗರದ ತಳದ ನಕ್ಷೆ ಬರೆದರು. ಸಾಗರದ ನಟ್ಟನಡುವೆ ಒಂದು ಪರ್ವತಶ್ರೇಣಿ, ಆ ಶ್ರೇಣಿಯ ನೆತ್ತಿಯಲ್ಲಿ ಉದ್ದಕ್ಕೂ ಒಂದು ಸೀಳು ಕಾಣಿಸಿತು. ಆ ಸೀಳಿನಿಂದ ಕರಗಿದ ಶಿಲೆ ಮೇಲೆ ಬಂದು ತಣಿದು ಹೊಸ ನೆಲವಾಗುತ್ತದೆ, ಹಳೆಯ ನೆಲ ಎರಡೂ ಕಡೆಗೆ ಸರಿಯುತ್ತದೆ ಎಂಬುದು ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಸ್ಪಷ್ಟವಾಯಿತು.

ಭೂಮಿಯ ಹೊರಚಿಪ್ಪು ಒಂದೇ ತುಂಡಲ್ಲ, ಹಲವು ಭೂಫಲಕಗಳಾಗಿ ಒಡೆದಿದೆ. ಕೆಲವೆಡೆ ಅವು ಒಂದರಿಂದೊಂದು ದೂರ ಸರಿಯುತ್ತವೆ, ಕೆಲವೆಡೆ ಪಕ್ಕಪಕ್ಕದಲ್ಲಿ ಉಜ್ಜುತ್ತವೆ. ಇನ್ನು ಕೆಲವೆಡೆ ಒಂದು ಫಲಕ ಇನ್ನೊಂದರ ಅಡಿಗೆ ಇಳಿದು ಭೂಗರ್ಭಕ್ಕೆ ಮರಳುತ್ತದೆ. ಹೀಗಾಗಿ ಭೂಮಿಗೆ 450 ಕೋಟಿ ವರ್ಷಗಳಾಗಿದ್ದರೂ ಇಂದಿನ ಮಹಾಸಾಗರಗಳ ತಳದ ಬಹುಪಾಲು 20 ಕೋಟಿ ವರ್ಷಗಳಿಗಿಂತ ಹಳೆಯದಲ್ಲ. ಕಡಲ ತಳ ಸದಾ ಹುಟ್ಟುತ್ತಿರುತ್ತದೆ, ಸದಾ ಕರಗುತ್ತಿರುತ್ತದೆ.

ಫಲಕ ಇಳಿಯುವ ಕಡೆ ಅಪಾಯ ಹೆಚ್ಚು. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲನ್ನು ನಾವೆಲ್ಲ ದೂಡಿದ್ದೇವೆ. ಎಷ್ಟು ದೂಡಿದರೂ ಅಲುಗದ ಬಾಗಿಲು ಒಮ್ಮೆಲೇ ಧಡಾರನೆ ತೆರೆದುಕೊಳ್ಳುತ್ತದೆ. ಭೂಫಲಕಗಳೂ ಹಾಗೆಯೇ. ಅಂಚಿನಲ್ಲಿ ಕಚ್ಚಿಕೊಂಡು ನೂರಾರು ವರ್ಷ ಒತ್ತಡ ಸಹಿಸುತ್ತವೆ, ಬಳಿಕ ಕೆಲವೇ ನಿಮಿಷಗಳಲ್ಲಿ ಹಲವು ಮೀಟರ್ ಜಾರುತ್ತವೆ. ಆಗ ಕಡಲ ತಳ ಮೇಲಕ್ಕೆದ್ದರೆ ಅದರ ಮೇಲಿರುವ ಇಡೀ ನೀರಿನ ರಾಶಿಯೂ ಏಳುತ್ತದೆ. ಅದುವೇ ಸುನಾಮಿ. ಗಾಳಿಯ ಅಲೆ ಕಡಲ ಮೇಲ್ಮೈಯನ್ನು ಮಾತ್ರ ಕದಡುತ್ತದೆ. ಸುನಾಮಿ ತಳದಿಂದ ಮೇಲಿನವರೆಗಿನ ನೀರನ್ನೆಲ್ಲ ನೂಕುತ್ತದೆ.

2004 ಮತ್ತು 2012

2004ರ ಡಿಸೆಂಬರ್ 26ನ್ನು ನಮ್ಮ ತಲೆಮಾರು ಮರೆಯಲಾರದು. ಅಂದು ಭಾನುವಾರ, ಕ್ರಿಸ್ಮಸ್ ಮರುದಿನ, ಪವಿತ್ರ ಕುಟುಂಬದ ಹಬ್ಬ. ಬೆಳಿಗ್ಗೆ ಸುಮಾರು ಆರೂವರೆಗೆ ಇಂಡೋನೇಷ್ಯಾದ ಸುಮಾತ್ರಾ ಬಳಿ ಬಿರುಕು ಬಿಟ್ಟ ಕಡಲ ತಳ, ನಿಕೋಬಾರ್ ಮತ್ತು ಅಂಡಮಾನ್ ದಾಟಿ 1,200 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸೀಳಿತು. ಪ್ರಮಾಣ 9.1. ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿನ ದೀಪಸ್ತಂಭದ ಬುಡ ಸಮುದ್ರದೊಳಗಾಯಿತು. ಅದೇ ಹೊತ್ತಿಗೆ ಉತ್ತರ ಅಂಡಮಾನಿನ ಕರಾವಳಿ ಮೇಲಕ್ಕೆದ್ದು, ನೀರಿನಡಿ ಇದ್ದ ಹವಳದ ದಿಬ್ಬಗಳು ಬಿಸಿಲಿಗೆ ಬಿದ್ದು ಸತ್ತವು. ದೇಶದ ನಕ್ಷೆಯೇ ಒಂದು ಬೆಳಗಿನಲ್ಲಿ ಬದಲಾಯಿತು.

ಅಲೆ ತಮಿಳುನಾಡಿನ ದಡ ತಲುಪಲು ಸುಮಾರು ಎರಡು ಗಂಟೆ ಹಿಡಿಯಿತು. ಎರಡು ಗಂಟೆಯಲ್ಲಿ ಒಂದು ಊರು ಖಾಲಿಯಾಗಬಹುದು. ಆದರೆ ಹೇಳುವವರು ಯಾರೂ ಇರಲಿಲ್ಲ. ಹಿಂದೂ ಮಹಾಸಾಗರಕ್ಕೆ ಆಗ ಎಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. 14 ದೇಶಗಳಲ್ಲಿ ಸತ್ತವರು ಮತ್ತು ಕಾಣೆಯಾದವರು ಒಟ್ಟು ಎರಡು ಲಕ್ಷಕ್ಕೂ ಹೆಚ್ಚು.

ಇನ್ನೊಂದು ದಿನ, 2012ರ ಏಪ್ರಿಲ್ 11. ಅದೇ ಸುಮಾತ್ರಾ ಕಡೆ 8.6 ಪ್ರಮಾಣದ ಭೂಕಂಪ, ಎರಡು ಗಂಟೆಗಳ ಬಳಿಕ 8.2ರ ಇನ್ನೊಂದು. ನಮ್ಮ ಪೂರ್ವ ಕರಾವಳಿಯ ಜನ ಮನೆ ಬಿಟ್ಟು ಓಡಿದರು. ದೊಡ್ಡ ಅಲೆ ಬರಲಿಲ್ಲ. ಕಾರಣ ಸರಳ. ಅಂದು ಕಡಲ ತಳ ಮೇಲೆ ಕೆಳಗೆ ಚಲಿಸದೆ ಅಕ್ಕಪಕ್ಕಕ್ಕೆ ಜಾರಿತ್ತು. ಅಂದು ಓಡಿದವರ ಶ್ರಮ ವ್ಯರ್ಥವಾಯಿತೆಂದು ಕೆಲವರು ನಕ್ಕರು. ನಾವು ಹಾಗೆ ಹೇಳಲಾರೆವು. ಬಾರದ ಅಲೆಗೆ ಓಡಿದವನು ಮರುದಿನ ಮನೆಗೆ ಮರಳುತ್ತಾನೆ.

ಅರಬ್ಬಿ ಸಮುದ್ರ ಸುರಕ್ಷಿತವೇ?

ನಮ್ಮ ಪಶ್ಚಿಮ ಕರಾವಳಿಯಲ್ಲಿ ಒಂದು ನಂಬಿಕೆಯಿದೆ: ಸುನಾಮಿ ಎಂಬುದು ಆಚೆಯ ಕಡಲಿನ ಕಾಟ, ನಮಗಲ್ಲ. ಇದು ಪೂರ್ತಿ ಸುಳ್ಳಲ್ಲ. ನಮ್ಮ ಕರಾವಳಿ ಭೂಫಲಕದ ಅಂಚಿನಲ್ಲಿಲ್ಲ. ಅರಬ್ಬಿ ಸಮುದ್ರದ ನಡುವೆ ಹಾಯ್ದಿರುವ ಕಾರ್ಲ್ಸ್‌ಬರ್ಗ್ ಶ್ರೇಣಿಯಲ್ಲಿ ಫಲಕಗಳು ದೂರ ಸರಿಯುತ್ತಿವೆ, ಅಲ್ಲಿ ಭಾರೀ ಸುನಾಮಿ ಏಳುವ ಸಾಧ್ಯತೆ ಕಡಿಮೆ.

ಆದರೆ ಉತ್ತರದಲ್ಲಿ, ಪಾಕಿಸ್ತಾನ ಮತ್ತು ಇರಾನಿನ ಮಕ್ರಾನ್ ತೀರದಲ್ಲಿ, ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುತ್ತಿದೆ. 1945ರ ನವೆಂಬರ್ 28ರ ನಸುಕಿನಲ್ಲಿ ಅಲ್ಲಿ 8.1 ಪ್ರಮಾಣದ ಭೂಕಂಪವಾಗಿ ಎದ್ದ ಅಲೆ ಮುಂಬಯಿಯವರೆಗೂ ಬಂದು ಅಲ್ಲಿಯೂ ಪ್ರಾಣಹಾನಿ ಮಾಡಿತು. 2004ರಲ್ಲಿ ಸುಮಾತ್ರಾದ ಅಲೆ ಕನ್ಯಾಕುಮಾರಿಯನ್ನು ಬಳಸಿ ಬಂದು ಕೇರಳದ ಕೊಲ್ಲಂ ಜಿಲ್ಲೆಯ ಆಲಪ್ಪಾಡಿನಲ್ಲಿ ಮನೆಗಳನ್ನು ನುಂಗಿತು. ಆಲಪ್ಪಾಡು ಇರುವುದು ನಮ್ಮದೇ ಅರಬ್ಬಿ ಸಮುದ್ರದ ದಡದಲ್ಲಿ. ಆದ್ದರಿಂದ ಅಪಾಯ ಕಡಿಮೆ ಎನ್ನೋಣ, ಇಲ್ಲವೇ ಇಲ್ಲ ಎನ್ನಬಾರದು.

ನಮ್ಮ ಕರಾವಳಿಯೂ ಈ ಚಲನೆಯ ಮಗುವೇ. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪಕ್ಕೆ ನಮ್ಮ ಮಕ್ಕಳು ಪ್ರವಾಸ ಹೋಗುತ್ತಾರೆ, ಕಂಬಗಳಂತೆ ನಿಂತ ಕಲ್ಲುಗಳ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣಿದು ಉಂಟಾದವು. ಅಂದು ಆಫ್ರಿಕದ ಬಳಿಯ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ಅದು ಬೇರ್ಪಡುವಾಗ ನೆಲ ಸೀಳಿ ಉಕ್ಕಿದ ಬೆಂಕಿಯ ಗುರುತು ಈ ಕಲ್ಲುಗಳು. ವಾಸ್ಕೋ ಡ ಗಾಮ 1498ರಲ್ಲಿ ಈ ದ್ವೀಪಕ್ಕೆ ಮಾತೆ ಮರಿಯಮ್ಮನವರ ಹೆಸರಿಟ್ಟನೆಂಬ ಕಥೆ ನಮಗೆಲ್ಲ ಗೊತ್ತು. ಕಲ್ಲು ಹೇಳುವ ಕಥೆಯನ್ನೂ ನಮ್ಮ ಮಕ್ಕಳಿಗೆ ಹೇಳಬೇಕು.

ಈ ಚಲನೆ ಇಲ್ಲದಿದ್ದರೆ ಹಿಮಾಲಯ ಏಳುತ್ತಿರಲಿಲ್ಲ. ನಮ್ಮ ಗದ್ದೆ ತೋಟಗಳಿಗೆ ನೀರುಣಿಸುವ ಮುಂಗಾರು ಇಂದಿನ ರೂಪದಲ್ಲಿ ಇರುತ್ತಿರಲಿಲ್ಲ. ಬದುಕಿಸುವ ಚಲನೆಯೇ ಕೆಲವೊಮ್ಮೆ ಕೊಲ್ಲುತ್ತದೆ. ವಿಶ್ವಾಸಿಗಳನ್ನು ಕಾಡುವ ಪ್ರಶ್ನೆ ಹುಟ್ಟುವುದು ಇಲ್ಲೇ.

ಶಿಕ್ಷೆ ಎನ್ನುವವರಿಗೆ

ಪ್ರತಿ ದುರಂತದ ಬೆನ್ನಲ್ಲೇ ಒಂದು ಮಾತು ಹರಡುತ್ತದೆ: "ಇದು ದೇವರ ಕೋಪ. ಪಾಪ ಹೆಚ್ಚಾಯಿತು." ಹಿಂದೆ ಕರಪತ್ರಗಳಲ್ಲಿ ಬರುತ್ತಿತ್ತು, ಈಗ ಮೊಬೈಲಿನಲ್ಲಿ ಬರುತ್ತದೆ. ನಮ್ಮ ವಿಶ್ವಾಸಿಗಳೂ ಅದನ್ನು ಮುಂದಕ್ಕೆ ಕಳುಹಿಸುತ್ತಾರೆ.

ಈ ಮಾತಿಗೆ ಧರ್ಮಸಭೆಯ ಚರಿತ್ರೆಯಲ್ಲಿ ಒಂದು ಕಹಿ ಅಧ್ಯಾಯವಿದೆ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಪೋರ್ಚುಗಲ್ ದೇಶದ ಲಿಸ್ಬನ್ ನಗರದ ದೇವಾಲಯಗಳು ಭಕ್ತರಿಂದ ತುಂಬಿದ್ದಾಗ ಭೂಕಂಪವಾಯಿತು. ಹಿಂದೆಯೇ ಸುನಾಮಿ, ಆಮೇಲೆ ಬೆಂಕಿ. ಸಾವಿರಾರು ಜನ ಪೂಜೆಯ ಹೊತ್ತಿನಲ್ಲೇ ಕಲ್ಲುಗಳ ಅಡಿ ಸಿಕ್ಕಿ ಸತ್ತರು. ಯೇಸುಸಭೆಯ ಗೇಬ್ರಿಯಲ್ ಮಲಗ್ರೀಡಾ ಎಂಬ ಗುರುಗಳು, ಇದಕ್ಕೆ ಕಾರಣ ಜನರ ಪಾಪವೇ ಎಂದು 1756ರಲ್ಲಿ ಪುಸ್ತಿಕೆ ಬರೆದರು. ಪಾಪವೇ ಕಾರಣವಾಗಿದ್ದರೆ ಪೂಜೆಗೆ ಬಂದವರು ಮೊದಲು ಸತ್ತದ್ದೇಕೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ.

ಅದೇ ಕಾಲದಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಮಂತ್ರಿ ಪೊಂಬಾಲ್ ದೇಶದ ಧರ್ಮಕೇಂದ್ರಗಳಿಗೆಲ್ಲ ಪ್ರಶ್ನಾವಳಿ ಕಳುಹಿಸಿದನು. ಕಂಪನ ಎಷ್ಟು ಹೊತ್ತು ಇತ್ತು? ಎಷ್ಟು ಮನೆ ಬಿದ್ದವು? ಎಷ್ಟು ಜನ ಸತ್ತರು? ಕಡಲು ಮೊದಲು ಏರಿತೋ, ಇಳಿಯಿತೋ? ಊರೂರಿನ ಗುರುಗಳು ಕಂಡದ್ದನ್ನು ಬರೆದು ಕಳುಹಿಸಿದರು. ಭೂಕಂಪವನ್ನು ವೈಜ್ಞಾನಿಕವಾಗಿ ಅಭ್ಯಸಿಸಲು ನಡೆದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದನ್ನು ಎಣಿಸುತ್ತಾರೆ. ಮುಂದೆ ಇದೇ ಯೇಸುಸಭೆಯ ಗುರುಗಳು ಹಲವು ದೇಶಗಳಲ್ಲಿ ಭೂಕಂಪ ಮಾಪನ ಕೇಂದ್ರಗಳನ್ನು ಕಟ್ಟಿದರು. ಅವರಲ್ಲಿ ಒಬ್ಬರಾದ ಅಮೆರಿಕದ ಜೇಮ್ಸ್ ಮ್ಯಾಕಲ್ವೇನ್ 1936ರಲ್ಲಿ ಈ ಶಾಸ್ತ್ರಕ್ಕೆ ಪಠ್ಯಪುಸ್ತಕ ಬರೆದರು. ಅವರ ಹೆಸರಿನ ಪದಕವನ್ನು ಭೂವಿಜ್ಞಾನಿಗಳಿಗೆ ಇಂದಿಗೂ ನೀಡಲಾಗುತ್ತದೆ. ಒಂದೇ ಸಭೆಯಲ್ಲಿ ಶಿಕ್ಷೆ ಎಂದವರೂ ಇದ್ದರು, ಅಳೆದು ತಿಳಿಯೋಣ ಎಂದವರೂ ಇದ್ದರು.

ಯೇಸುಸ್ವಾಮಿ ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟಿದ್ದಾರೆ. ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಸಿಲೋವಾಮಿನ ಗೋಪುರ ಬಿದ್ದು 18 ಜನ ಸತ್ತ ಸುದ್ದಿ ಬರುತ್ತದೆ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂಬ ಎಣಿಕೆಯನ್ನು ಸ್ವಾಮಿ ತಳ್ಳಿಹಾಕುತ್ತಾರೆ. ಬಳಿಕ ಮಾತನ್ನು ಕೇಳುಗರತ್ತ ತಿರುಗಿಸುತ್ತಾರೆ: ಬದಲಾಗಬೇಕಾದವರು ನೀವು ಎನ್ನುತ್ತಾರೆ. ಸತ್ತವರ ತಪ್ಪು ಹುಡುಕುವುದು ನಮ್ಮ ಕೆಲಸವಲ್ಲ. ಬದುಕಿರುವವರ ಕರ್ತವ್ಯ ನೆನಪಿಸುವುದು ನಮ್ಮ ಕೆಲಸ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2004ರಲ್ಲಿ ವೇಳಾಂಗಣಿಯ ಬಸಿಲಿಕದ ಒಳಗಿದ್ದವರು ಬದುಕುಳಿದರು. ಅದನ್ನು ಆರೋಗ್ಯ ಮಾತೆಯ ಪವಾಡವೆಂದು ನಾವೆಲ್ಲ ಸಂಭ್ರಮದಿಂದ ಹೇಳಿದೆವು, ಬರೆದೆವು. ಉಳಿದವರು ಕೃತಜ್ಞತೆ ಸಲ್ಲಿಸುವುದು ಸರಿಯೇ. ಆದರೆ ಅದೇ ಬೆಳಿಗ್ಗೆ, ಅದೇ ಮಾತೆಯ ದರ್ಶನಕ್ಕೆ ಬಂದಿದ್ದ ಯಾತ್ರಿಕರು ಕೆಲವೇ ನೂರು ಮೀಟರ್ ದೂರದ ಕಡಲ ದಡದಲ್ಲಿ ಸತ್ತರು. ಅವರೊಂದಿಗೆ ಮೇಣದ ಬತ್ತಿ, ಜಪಸರ ಮಾರುತ್ತಿದ್ದವರೂ ಸತ್ತರು. ಅವರ ಪ್ರಾರ್ಥನೆ ಕಡಿಮೆಯಾಗಿತ್ತೇ? ಮಗುವನ್ನು ಕಳೆದುಕೊಂಡ ತಾಯಿಗೆ ನಮ್ಮ ಪವಾಡದ ಕಥೆ ಹೇಗೆ ಕೇಳಿಸಿರಬಹುದು? ಆ ಪ್ರಶ್ನೆಯನ್ನು ಅಂದು ನಾವು ಕೇಳಿಕೊಳ್ಳಲಿಲ್ಲ. ಪ್ರವಾದಿ ಎಲೀಯನಿಗೆ ದೇವರು ಭೂಕಂಪದಲ್ಲಿ ಸಿಗಲಿಲ್ಲ, ಮೆಲುದನಿಯಲ್ಲಿ ಸಿಕ್ಕರು. ವೇಳಾಂಗಣಿಯಲ್ಲೂ ದೇವರನ್ನು ಅಲೆಯಲ್ಲಿ ಹುಡುಕುವ ಬದಲು, ಜಾತಿ ಮತ ನೋಡದೆ ಶವಗಳನ್ನು ಎತ್ತಿದ, ಗಂಜಿ ಬೇಯಿಸಿದ ಕೈಗಳಲ್ಲಿ ಹುಡುಕಬೇಕಿತ್ತು.

ಎಚ್ಚರಿಕೆ ಕೊನೆಯ ಮನೆಗೆ ತಲುಪಲಿ

ಇಂದು ಪರಿಸ್ಥಿತಿ 2004ರಂತಿಲ್ಲ. ಹೈದರಾಬಾದಿನಲ್ಲಿ ಭಾರತೀಯ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಸುಮಾತ್ರಾ ಮತ್ತು ಮಕ್ರಾನ್, ಎರಡೂ ಕಡೆಯ ಕಂಪನಗಳನ್ನು ಅದು ಗಮನಿಸುತ್ತದೆ. ಭೂಕಂಪವಾದ ಕೆಲವೇ ನಿಮಿಷಗಳಲ್ಲಿ ಸೂಚನೆ ಹೊರಡುತ್ತದೆ. 2020ರಲ್ಲಿ ಒಡಿಶಾದ ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಎಂಬ ಎರಡು ಹಳ್ಳಿಗಳಿಗೆ ಯುನೆಸ್ಕೊ, ಸುನಾಮಿಗೆ ಸಿದ್ಧವಾದ ಊರುಗಳೆಂಬ ಮಾನ್ಯತೆ ನೀಡಿತು.

ಆದರೆ ಹೈದರಾಬಾದಿನಿಂದ ಜಿಲ್ಲಾ ಕಚೇರಿಗೆ ಸಂದೇಶ ಬಂದರೆ ಸಾಲದು. ಅದು ದಡದ ಕೊನೆಯ ಮನೆಯ ಅಜ್ಜಿಗೆ ತಲುಪಬೇಕು. ಮಕ್ರಾನ್‌ನಲ್ಲಿ ಭೂಕಂಪವಾದರೆ ನಮಗೆ ಇಲ್ಲಿ ನೆಲ ನಡುಗಿದ ಅನುಭವವೇ ಆಗದಿರಬಹುದು. ಆದ್ದರಿಂದ ಎಚ್ಚರಿಕೆಯ ಮಾತೊಂದೇ ನಮಗೆ ಆಧಾರ. ಒಂದು ಸಮಾಧಾನವೆಂದರೆ, ಅಷ್ಟು ದೂರದ ಅಲೆ ಇಲ್ಲಿಗೆ ಬರಲು ಗಂಟೆಗಳು ಬೇಕು. ಆ ಗಂಟೆಗಳನ್ನು ನಾವು ಹೇಗೆ ಬಳಸುತ್ತೇವೆ ಎಂಬುದೇ ಪ್ರಶ್ನೆ.

ನಮ್ಮ ಕರಾವಳಿಯ ಧರ್ಮಕೇಂದ್ರಗಳು ಇಲ್ಲಿ ಬಹಳ ಮಾಡಬಲ್ಲವು. ಪ್ರತಿ ವಾರ್ಡಿಗೆ ಗುರಿಕಾರರಿದ್ದಾರೆ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ಕಿವಿ ಕೇಳಿಸದು ಎಂಬುದು ಅವರಿಗೆ ಗೊತ್ತು. ಪ್ರತಿ ಇಗರ್ಜಿಗೆ ಗಂಟೆಯಿದೆ, ಧ್ವನಿವರ್ಧಕವಿದೆ, ಶಾಲೆಯಿದೆ. ಮೊಗವೀರ ಬಂಧುಗಳ ಭಜನಾ ಮಂದಿರಗಳು, ಮಸೀದಿಗಳು, ಮೀನುಗಾರರ ಸಂಘಗಳು ಇವೆ. ಎಲ್ಲರೂ ಸೇರಿ ವರ್ಷಕ್ಕೊಮ್ಮೆ ಕವಾಯತು ಮಾಡಬಹುದು. ವಿಶ್ವ ಸುನಾಮಿ ಜಾಗೃತಿ ದಿನ ಬರುವುದು ನವೆಂಬರ್ 5ರಂದು, ಮೃತರ ಸ್ಮರಣೆಯ ತಿಂಗಳಲ್ಲೇ. ಸಮಾಧಿಗಳಿಗೆ ಹೂವಿಡುವ ಆ ದಿನಗಳಲ್ಲಿ, ಬದುಕಿರುವವರಿಗಾಗಿ ಒಂದು ಗಂಟೆ ಮೀಸಲಿಡುವುದು ಕಷ್ಟವಲ್ಲ.

ನೆನಪಿಡಬೇಕಾದ ಮಾತುಗಳು ಕೆಲವೇ. ದಡದಲ್ಲಿ ನಿಂತಿರುವಾಗ ನೆಲ ಬಲವಾಗಿ, ಬಹಳ ಹೊತ್ತು ನಡುಗಿದರೆ, ಇಲ್ಲವೇ ಕಡಲು ಹಠಾತ್ತನೆ ಹಿಂದೆ ಸರಿದರೆ, ಯಾರ ಆದೇಶಕ್ಕೂ ಕಾಯದೆ ಎತ್ತರಕ್ಕೆ ಹೋಗಬೇಕು. ಬರಿದಾದ ಮರಳಿನಲ್ಲಿ ಮೀನು ಹೆಕ್ಕಲು ಇಳಿಯಬಾರದು. ಆಳ ಕಡಲಿನಲ್ಲಿರುವ ಬೋಟಿನವರು ಸೂಚನೆ ಸಿಕ್ಕಾಗ ಬಂದರಿಗೆ ಧಾವಿಸಬಾರದು, ಆಳದಲ್ಲೇ ಉಳಿಯಬೇಕು. ಅಲ್ಲಿ ಸುನಾಮಿ ಗೊತ್ತಾಗದಷ್ಟು ತಗ್ಗಾಗಿರುತ್ತದೆ. ಮೊದಲ ಅಲೆಯೇ ಕೊನೆಯದೆಂದು ಮನೆಗೆ ಮರಳಬಾರದು. ಸೆವೆರೋ ಕುರಿಲ್ಸ್ಕ್‌ನ ಜನ 1952ರಲ್ಲಿ ಮಾಡಿದ ತಪ್ಪು ಅದೇ.

2004ರಲ್ಲಿ ಭೂಕಂಪದ ಕೇಂದ್ರಕ್ಕೆ ಅತಿ ಹತ್ತಿರವಿದ್ದ ಜನವಸತಿಗಳಲ್ಲಿ ಇಂಡೋನೇಷ್ಯಾದ ಸಿಮೆಲುವೆ ದ್ವೀಪವೂ ಒಂದು. ಅಲ್ಲಿ 70 ಸಾವಿರಕ್ಕೂ ಹೆಚ್ಚು ಜನರಿದ್ದರು. ಸತ್ತವರು 7 ಮಂದಿ. ಅವರ ಬಳಿ ಯಂತ್ರವಿರಲಿಲ್ಲ, ಸೈರನ್ ಇರಲಿಲ್ಲ. 1907ರಲ್ಲಿ ಬಂದಿದ್ದ ಅಲೆಯ ನೆನಪನ್ನು ಅಜ್ಜಿಯರು ಕಥೆಯಾಗಿ, ಜೋಗುಳವಾಗಿ ಮೊಮ್ಮಕ್ಕಳಿಗೆ ಹೇಳಿಕೊಟ್ಟಿದ್ದರು. "ಸ್ಮೋಂಗ್" ಎಂಬ ಒಂದು ಕೂಗು ಕೇಳಿದ್ದೇ ತಡ, ಇಡೀ ದ್ವೀಪ ಗುಡ್ಡ ಹತ್ತಿತು.

ಭೂಮಿ ಸರಿಯುವುದನ್ನು ನಾವು ತಡೆಯಲಾರೆವು, ತಡೆಯಬೇಕಾಗಿಯೂ ಇಲ್ಲ. ದೇವರು ಸೃಷ್ಟಿಗೆ ಕೊಟ್ಟ ಚಲನೆ ಅದು. ಆದರೆ ತಿಳಿದೂ ಹೇಳದಿರುವುದು, ಹೇಳಿದ್ದನ್ನು ಮರೆಯುವುದು ನಮ್ಮ ಪಾಲಿನ ತಪ್ಪು. ಪಶ್ಚಾತ್ತಾಪ ಪಡಬೇಕಾದರೆ ಅದಕ್ಕಾಗಿ ಪಡೋಣ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ನಮ್ಮ ವಾರ್ಡುಗಳಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳೋಣ: ಇಂದು ಎಚ್ಚರಿಕೆ ಬಂದರೆ ನಮ್ಮ ಊರಿನ ಕೊನೆಯ ಮನೆಗೆ ಓಡಿಹೋಗಿ ಹೇಳುವವರು ಯಾರು?